ನಾಕ್‌ಗಳ ನಡುವೆ ಛೆವಾಂಗನ ಹೋರಿ

ಮಂಜಿನೊಳಗಿಂದ ಒಂದು ಹೋರಿ ಕೂಗಿತು.

ನಮ್ಮ ಹುಲ್ಲುಗಾವಲಿನಲ್ಲಿ ಆ ಸದ್ದು ಮಳೆಗಾಲದಲ್ಲಿ ಮಾತ್ರ ಕೇಳುವಂಥದ್ದು. ನಾಕ್‌ಗಳು ಕೂಗುವುದಿಲ್ಲ. ಗಂಟಲಿನೊಳಗೇ ಗುರ್ ಅನ್ನುತ್ತವೆ, ಬೀಸುವ ಕಲ್ಲು ನಿಧಾನಕ್ಕೆ ತಿರುಗಿದ ಹಾಗೆ. ಅವುಗಳ ಗಂಡು, ಯಾಕ್, ಅದೂ ಅಷ್ಟೆ. ವರ್ಷವೆಲ್ಲ ಆ ಗುರುಗುಟ್ಟುವಿಕೆಯ ನಡುವೆ ಬದುಕುವ ನಮಗೆ ಕೆಳಗಿನ ಊರಿನ ಹೋರಿಯ ತುಂಬುಗಂಟಲು ಕೇಳಿದರೆ ಎದೆಯಲ್ಲಿ ಏನೋ ಸಡಿಲವಾದಂತಾಗುತ್ತಿತ್ತು.

ಹಾಲು ಕರೆಯುತ್ತಿದ್ದ ನನ್ನ ದೊಡ್ಡಮ್ಮ ಫುತಿ ಕೆಚ್ಚಲಿನಿಂದ ಕೈ ತೆಗೆಯದೆ ತಲೆಯನ್ನಷ್ಟೇ ಎತ್ತಿದಳು.

“ಬಂದ ನೋಡು ಯಾಂಗ್ಜಿ, ನಿನ್ನ ಛೆವಾಂಗ್ ಮಾವ. ಚಹಾಕ್ಕೆ ಇನ್ನೊಂದು ಚಿಟಿಕೆ ಉಪ್ಪು ಹಾಕು. ಇಲ್ಲಾಂದ್ರೆ ಬಿಸಿನೀರು ಕೊಟ್ರು ಅಂತ ಊರೆಲ್ಲ ಹೇಳ್ಕೊಂಡು ಬರ್ತಾನೆ.”

ಯಾರಿಗೂ ಏನೂ ಹೇಳಿಕೊಂಡು ಬರುವ ಮನುಷ್ಯನಲ್ಲ ಛೆವಾಂಗ್. ಅದು ಅವಳಿಗೂ ಗೊತ್ತಿತ್ತು.

ಮಂಜು ಒಂದಿಷ್ಟು ಹರಿಯಿತು. ಇಳಿಜಾರಿನ ಕಲ್ಲುದಾರಿಯಲ್ಲಿ ಅವನು ಬರುತ್ತಿದ್ದ. ಬೆನ್ನಿಗೆ ಬುಟ್ಟಿ, ತಲೆಗೆ ಕಿವಿ ಮುಚ್ಚುವ ಹಳೇ ಟೋಪಿ. ಹೋರಿಯ ಹಗ್ಗ ಅವನ ಕೈಯಲ್ಲಿರಲಿಲ್ಲ. ಹೋರಿಯ ಕೊರಳಿಗೇ ಸುತ್ತಿಕೊಂಡಿತ್ತು. ಕಪ್ಪು ಮೈ, ಹಣೆಯ ಮೇಲೆ ಬಿಳಿ ಚುಕ್ಕಿ. ಅದು ಅವನ ಭುಜಕ್ಕೆ ಗದ್ದ ತಾಗಿಸಿಕೊಂಡೇ ನಡೆಯುತ್ತಿತ್ತು. ಅವನು ನಿಂತರೆ ನಿಲ್ಲುತ್ತಿತ್ತು. ದೊಡ್ಡಮ್ಮ ಹಾಲಿನ ಪಾತ್ರೆ ಕೆಳಗಿಟ್ಟು ಸ್ವಲ್ಪ ಹೊತ್ತು ನೋಡಿದಳು. ಅವಳ ಮುಖದ ನಗೆ ಮೆಲ್ಲಗೆ ಇಳಿಯಿತು.

ಛೆವಾಂಗನ ಕೆಲಸವೇ ಅದು, ಹೋರಿಯನ್ನು ಮೇಲಕ್ಕೆ ತರುವುದು. ಅವನ ಅಪ್ಪನೂ ಅದನ್ನೇ ಮಾಡಿದ್ದ. ನಾಕ್‌ಗೆ ಕೆಳಗಿನ ಹೋರಿ ಹಾರಿಸಿದರೆ ಹುಟ್ಟುವ ಹೆಣ್ಣುಕರು ಚೌರಿ. ತಾಯಿಗಿಂತ ಹೆಚ್ಚು ಹಾಲು, ತಂದೆಗಿಂತ ಗಟ್ಟಿ ಮೈ. ಬೆಟ್ಟದ ನಡುಕಾಡುಗಳಲ್ಲಿ ಚೀಸು, ಬೆಣ್ಣೆ ಮಾಡುವವರು ಚೌರಿಗಾಗಿ ನಮ್ಮ ಹತ್ತಿರ ಬಂದು ಕಾಯುತ್ತಾರೆ. ನಾಕ್ ಸಾಕುವವರ ಬಾಳು ನಡೆಯುವುದೇ ಆ ಕರುಗಳಿಂದ.

ಆದರೆ ತಾಯಿಗೂ ತಂದೆಗೂ ಒಂದೇ ಗಾಳಿ ಒಗ್ಗುವುದಿಲ್ಲ. ನಾಕ್ ಭೂರ್ಜಮರದ ಕಾಡಿಗಿಂತ ಕೆಳಗಿಳಿದರೆ ಸೆಕೆಗೆ ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತದೆ, ಮೈ ಇಳಿಯುತ್ತದೆ, ಆ ವರ್ಷ ಬೆದೆಗೆ ಬರುವುದನ್ನೇ ಮರೆಯುತ್ತದೆ. ಕೆಳಗಿನ ಹೋರಿ ಆ ಕಾಡಿನ ಮೇಲಿರುವ ಧೂಪದ ಪೊದೆಗಳನ್ನು ದಾಟಿ ಅವಸರದಲ್ಲಿ ಮೇಲೇರಿದರೆ ಅದರ ಎದೆಯ ತೊಗಲು ನೀರು ತುಂಬಿದಂತೆ ಊದುತ್ತದೆ. ಹಾರುವುದಿರಲಿ, ನಿಲ್ಲಲೂ ಆಗುವುದಿಲ್ಲ. ಕೆಳಗಿನ ಊರಿನ ಹಸು ಯಾವ ತಿಂಗಳಲ್ಲಾದರೂ ಬೆದೆಗೆ ಬಂದೀತು. ನಾಕ್‌ಗೆ ಮಳೆಯ ಹುಲ್ಲು ಬೇಕು, ಆ ಹುಲ್ಲು ಬೆನ್ನ ಮೇಲೆ ಮಾಂಸವಾಗಬೇಕು. ಆಮೇಲೆ ಕೆಲವೇ ವಾರ. ಅದೇ ವರ್ಷ ಈದಿದ್ದರೆ ಅದೂ ಇಲ್ಲ. ಮೊದಲ ಇಬ್ಬನಿ ಹೆಪ್ಪುಗಟ್ಟಿತೆಂದರೆ ಮುಗಿಯಿತು. ಶ್ರಾವಣದಿಂದ ಆಶ್ವಯುಜದವರೆಗೆ, ಒಂದೇ ಇಳಿಜಾರಿನಲ್ಲಿ, ಇಬ್ಬರಿಗೂ ಉಸಿರಾಡಲು ಆಗುತ್ತದೆ. ಆ ಇಳಿಜಾರಿನಲ್ಲಿ ನಮ್ಮ ಗೋಠ ಇತ್ತು. ಗೋಠವೆಂದರೆ ಸುತ್ತಲೂ ಕಲ್ಲುಗೋಡೆ, ಮೇಲೆ ಬಿದಿರಿನ ಚಾಪೆ.

ಹಾಗಾಗಿ ಹೋರಿಯವನು ಎಲ್ಲಿಯವನೂ ಅಲ್ಲ. ಕೆಳಗಿನವರಿಗೆ ಮೇಲಿನವನು, ಮೇಲಿನವರಿಗೆ ಕೆಳಗಿನವನು. ಛೆವಾಂಗನಿಗೆ ಅದು ಹುಟ್ಟಿನಿಂದಲೇ ಬಂದಿತ್ತು. ಅಪ್ಪ ನಮ್ಮ ಶೆರ್ಪಾ, ಅವ್ವ ಕೆಳಗಿನ ತಾಮಾಂಗ್ ಊರಿನವಳು. ನಮ್ಮ ಮಠ ಗೊಂಪಾದ ಊಟದ ಸಾಲಿನಲ್ಲಿ ಅವನನ್ನು ಎಲ್ಲಿ ಕೂರಿಸಬೇಕೆಂದು ಹಿರಿಯರು ಒಮ್ಮೆ ಮುಖ ಮುಖ ನೋಡಿಕೊಂಡರಂತೆ. ಅವನೇ ಎದ್ದುಹೋಗಿ ಚಪ್ಪಲಿ ಬಿಡುವ ಕಡೆ ಕೂತನಂತೆ. ಪ್ರಾಯದಲ್ಲಿ ಅವನಿಗೆ ಹೆಣ್ಣು ಕೇಳಲು ಹೋದಾಗ ಯಾರೋ “ಝೋಪ್ಕ್ಯೋಗೆ ಯಾಕಯ್ಯಾ ಮದುವೆ” ಅಂದರು. ಝೋಪ್ಕ್ಯೋ ಎಂದರೆ ಚೌರಿಯ ಹಾಗೆಯೇ ಬೆರಕೆಯಲ್ಲಿ ಹುಟ್ಟುವ ಗಂಡು. ಎಷ್ಟು ಭಾರ ಹೇರಿದರೂ ಹೊರುತ್ತದೆ, ಬೀಜ ಮಾತ್ರ ಇರುವುದಿಲ್ಲ. ಅವನು ಆ ಮಾತಿಗೆ ನಕ್ಕನೆಂದು ಜನ ಈಗಲೂ ಹೇಳುತ್ತಾರೆ. ಮತ್ತೆ ಎಲ್ಲಿಯೂ ಹೆಣ್ಣು ಕೇಳಲು ಹೋಗಲಿಲ್ಲವೆಂಬುದನ್ನು ಯಾರೂ ಹೇಳುವುದಿಲ್ಲ.

ಅವನಿಗೆ ಒಂದು ಕಡೆ ಮಾತ್ರ ಜಾಗವಿತ್ತು. ನಮ್ಮ ಗೋಠದ ಒಲೆಯ ಎಡಗಡೆ, ಉಪ್ಪಿನ ಚೀಲದ ಪಕ್ಕ. ಮೊದಮೊದಲು ಬಾಗಿಲ ಹತ್ತಿರ ಕೂರುತ್ತಿದ್ದವನನ್ನು ದೊಡ್ಡಮ್ಮ ವರ್ಷವರ್ಷವೂ ಗೊಣಗುತ್ತಾ ಒಳಗೆ ಸರಿಸಿ ಅಲ್ಲಿಗೆ ತಂದಿದ್ದಳು. ಪ್ರತಿ ಚೈತ್ರದಲ್ಲಿ ಅವಳು ಕೆಳಗೆ ಹೋಗುವವರ ಕೈಯಲ್ಲಿ ಎಲೆಯಲ್ಲಿ ಸುತ್ತಿದ ಬೆಣ್ಣೆಯ ಉಂಡೆ ಕಳಿಸುತ್ತಿದ್ದಳು. ಹೋರಿಯವನಿಗೆ ಅದೇ ಕರೆ. ಉಂಡೆ ಬಂದರೆ ಹೋರಿ ಹೊರಡಿಸಬೇಕು. ಬಾರದಿದ್ದರೆ ಆ ವರ್ಷ ಮೇಲೆ ಕೆಲಸವಿಲ್ಲ. ಛೆವಾಂಗನಿಗೆ ಅದು ಒಂದು ವರ್ಷವೂ ತಪ್ಪಿರಲಿಲ್ಲ. ಅವನ ಹಳೇ ಹೋರಿ ರಾತೋ, ಕೆಂಚು ಬಣ್ಣದ್ದು, ನಮ್ಮ ನಾಕ್‌ಗಳನ್ನು ಬಿಟ್ಟರೆ ಬೇರೇನೂ ಕಾಣದ ಹೋರಿ. ಹೋದ ಚಳಿಗಾಲ ಅದು ಮುಪ್ಪಿನಿಂದ ಸತ್ತಿತ್ತು. ಈಗ ಬಂದದ್ದು ಹೊಸದು, ಅವನೇ ಕರುವಿನಿಂದ ಬೆಳೆಸಿದ್ದು.

“ಹೆಸರೇನು ಮಾವ?” ಎಂದು ನಾನು ಕೇಳಿದೆ, ಚಹಾದ ಬಟ್ಟಲು ಕೊಡುತ್ತಾ.

“ತಾರೆ.”

“ನಿನ್ನ ಮೈಗೇ ಅಂಟಿಕೊಂಡದೆ.”

ಅವನು ಹೆಮ್ಮೆಪಟ್ಟು ನಕ್ಕ. “ಕರು ಇದ್ದಾಗಿಂದ ಹಂಗೇನೆ. ನಾನು ನೀರಿಗೆ ಹೋದ್ರೂ ಹಿಂದೆ. ಕಟ್ಟಿಗೆಗೆ ಹೋದ್ರೂ ಹಿಂದೆ. ಮಲಗಿದ್ರೆ ಗೋಡೆ ಆಚೆಯಿಂದ ಬೆನ್ನು ಕೊಟ್ಟು ಮಲಗತದೆ.”

ದೊಡ್ಡಮ್ಮ ನಗಲಿಲ್ಲ. ಹುರಿಹಿಟ್ಟು ಕಲಸುತ್ತಾ ಕೇಳಿದಳು, “ಯಾವ ನಾಕ್ ಹಾಲು ಕುಡಿಸಿದೆ?”

ಅವನು ಬಟ್ಟಲು ತುಟಿಗಿಟ್ಟುಕೊಂಡ.

“ಛೆವಾಂಗ್, ನಿನ್ನನ್ನೇ ಕೇಳಿದ್ದು. ಎರಡು ಚಳಿಗಾಲ ನಾಕ್ ಹಿಂಡಿನಲ್ಲಿ ಬಿಟ್ಟಿದ್ದೆ ತಾನೆ? ಯಾರ ಹಿಂಡು?”

“ಬಿಡಲಿಲ್ಲ ಅಕ್ಕ.”

“ಮತ್ತೆ?”

“ನನ್ನ ಹತ್ರಾನೇ ಇತ್ತು. ನನ್ನ ಚೌರಿ ಹಾಲು ಕುಡೀತು.”

ಒಲೆಯಲ್ಲಿ ಧೂಪದ ಕಟ್ಟಿಗೆ ಚಿಟಚಿಟ ಅಂದಿತು. ದೊಡ್ಡಮ್ಮ ಕಲಸುವುದನ್ನು ನಿಲ್ಲಿಸಲಿಲ್ಲ, ಆದರೆ ಹಿಟ್ಟು ಕಲಸಿ ಆಗಿತ್ತು. ಬರಿದೇ ಅದನ್ನೇ ತಿರುವುತ್ತಿದ್ದಳು.

ನಮ್ಮಲ್ಲಿ ಹೋರಿಕರುವನ್ನು ಕಣ್ಣು ತೆರೆದಾಗಲೇ ನಾಕ್‌ಗೆ ಒಪ್ಪಿಸುತ್ತಾರೆ. ಕರು ಸತ್ತ ನಾಕ್ ಇದ್ದರೆ ಆ ಕರುವಿನ ತೊಗಲನ್ನು ಇದರ ಬೆನ್ನಿಗೆ ಕಟ್ಟಿ ಹಾಲು ಕುಡಿಸುತ್ತಾರೆ. ಎರಡು ಚಳಿಗಾಲ ಅದು ನಾಕ್‌ಗಳ ಹೊಟ್ಟೆಯ ಉದ್ದಕೂದಲಿನ ಕೆಳಗೆ ಮಲಗಬೇಕು, ಅವುಗಳ ಉಸಿರು ಮೂಸಬೇಕು. ಹಾಗೆ ಬೆಳೆದ ಹೋರಿಗೆ ನಾಕ್ ತನ್ನ ಜಾತಿಯೇ. ಇಲ್ಲದಿದ್ದರೆ ಅದಕ್ಕೆ ಇವು ಕೂದಲು ಬೆಳೆದ ಬಂಡೆಗಳಿದ್ದ ಹಾಗೆ. ಹೋರಿಯವನ ಮಗ ಇದನ್ನು ತಿಳಿಯದವನಲ್ಲ.

“ಯಾಕೋ ಹಿಂಗ್ ಮಾಡ್ದೆ?” ಎಂದಳು ದೊಡ್ಡಮ್ಮ, ತುಂಬಾ ಮೆಲ್ಲಗೆ.

“ಚೌರೀನೂ ಅರ್ಧ ನಾಕೇ ಅಲ್ವಾ ಅಕ್ಕ.”

“ಅರ್ಧ! ಅರ್ಧ ವಾಸನೆ ಹಿಡಿದ ಹೋರಿ ಎತ್ತಲಾಗೆ ಹೋಗ್ತದೆ ಅಂತ ನಿನಗೆ ನಾನು ಹೇಳ್ಕೊಡಬೇಕಾ?” ಎಂದವಳು ಹಿಟ್ಟಿನ ಉಂಡೆಯೊಂದನ್ನು ಅವನ ಬಟ್ಟಲಿಗೆ ಹಾಕಿದಳು. “ತಿನ್ನು. ನೋಡೋಣ. ಪ್ರಾಯದ ಹೋರಿ, ಬೆದೆ ಬಂದ ನಾಕ್ ಮುಂದೆ ನಿಂತ್ರೆ ಬುದ್ಧಿ ಬರಬಹುದು.”

ಬುದ್ಧಿ ಬರಲಿಲ್ಲ.

ಆ ಶ್ರಾವಣದಲ್ಲಿ ಹುಲ್ಲು ಎಂದೂ ಕಾಣದಷ್ಟು ದಟ್ಟವಾಗಿತ್ತು. ಮಳೆ ನಿಂತ ಬೆಳಗುಗಳಲ್ಲಿ ಇಳಿಜಾರಿನ ತುಂಬ ನೀಲಿ ಹೂ. ನಾಕ್‌ಗಳ ಮೈ ತುಂಬಿ ಹೊಳೆಯುತ್ತಿತ್ತು. ಮೊದಲು ಬೆದೆಗೆ ಬಂದದ್ದು ಬಿಳಿಮೂತಿಯ ನಾಕ್. ಬಾಲ ಎತ್ತಿ, ಬೇರೆ ನಾಕ್‌ಗಳ ಮೇಲೆ ತಲೆಯಿಟ್ಟು, ಹುಲ್ಲು ಬಿಟ್ಟು ಸುತ್ತುತ್ತಿತ್ತು. ಛೆವಾಂಗ್ ತಾರೆಯನ್ನು ಕರೆತಂದ. ಅದು ಮೂಸಿತು, ತುಟಿ ಮೇಲೆತ್ತಿತು, ಒಂದು ಗಳಿಗೆ ಯೋಚಿಸಿದಂತೆ ನಿಂತಿತು. ಆಮೇಲೆ ಅದು ತಿರುಗಿ ಛೆವಾಂಗನ ತೋಳು ನೆಕ್ಕಿತು.

“ಅಯ್ಯೋ, ತಪ್ಪು ಮನೆಗೆ ಬಂದ ಮದುವಣಿಗ!” ಎಂದು ದೊಡ್ಡಮ್ಮ ಹಣೆ ಬಡಿದುಕೊಂಡಳು. ನನಗೆ ನಗು ತಡೆಯಲಾಗಲಿಲ್ಲ. ಛೆವಾಂಗನೂ ನಕ್ಕ. ಅವತ್ತು ಎಲ್ಲರೂ ನಕ್ಕೆವು.

ಆಮೇಲೆ ನಗು ಕಡಿಮೆಯಾಗುತ್ತ ಬಂತು. ಅವನು ಬೆದೆಯ ನಾಕ್ ಉಚ್ಚೆ ಹೊಯ್ದ ಮಣ್ಣನ್ನು ಹೋರಿಯ ಮೂತಿಗೆ ಸವರಿದ. ತನ್ನ ಅಂಗಿಗೂ ಸವರಿಕೊಂಡ. ಮಳೆಯಲ್ಲಿ ಇಡೀ ದಿನ ನಾಕ್ ಹಿಂಡಿನ ನಡುವೆ ಕೂತ, ತಾನಿದ್ದರೆ ಅದೂ ಅಲ್ಲಿ ಇರುತ್ತದಲ್ಲ ಎಂದು. ಹೋರಿ ಅಲ್ಲೇ ಇತ್ತು, ನಿಜ. ಅವನ ಪಕ್ಕವೇ ಮೇಯುತ್ತಿತ್ತು. ದೊಡ್ಡಮ್ಮ ಬಾಗಿಲಿನಿಂದ ಕೂಗಿದಳು, “ಛೆವಾಂಗ್, ನೀನು ನಾಕ್ ಆಗಿದ್ದು ಸಾಕು, ಬಾ, ಚಹಾ ಕುಡಿ. ಸಂಜೆ ನಿನ್ನ ಹಾಲೂ ಕರೀಬೇಕಾಗತದೆ!” ಅವನು ಎದ್ದು ಬಂದ. ಹೋರಿಯೂ ಎದ್ದು ಬಂತು.

ಒಮ್ಮೆ ಅದನ್ನು ಗೂಟಕ್ಕೆ ಕಟ್ಟಿ ಅವನು ಬೆಟ್ಟದ ಆಚೆ ಮಗ್ಗುಲಿಗೆ ಹೋಗಿ ಅಡಗಿ ಕೂತ. ಆ ಕೂಗು! ಇಡೀ ಕಣಿವೆಗೆ ಕೇಳುವಂತೆ, ಮತ್ತೆ ಮತ್ತೆ. ನಾಕ್‌ಗಳು ಮೇವು ಬಿಟ್ಟು ಅದನ್ನೇ ನೋಡುತ್ತ ನಿಂತವು. ಕೊನೆಗೆ ಗೂಟ ಕಿತ್ತುಕೊಂಡು ಹೋಯಿತು. ಛೆವಾಂಗನ ಕಡೆಗಲ್ಲ. ಗಾಳಿ ಕೆಳಗಿನಿಂದ ಬೀಸುತ್ತಿತ್ತು. ಭೂರ್ಜದ ಕಾಡಿನೊಳಗೆ ಯಾರದೋ ಚೌರಿಗಳು ಮೇಯುತ್ತಿದ್ದವು. ಅದರ ಕಾಲು ನೆಟ್ಟಗೆ ಅಲ್ಲಿಗೆ ಇಳಿಯಿತು.

ಮಾರನೆಯ ದಿನ ಆ ಚೌರಿಗಳ ಒಡೆಯ ಹೋರಿಯನ್ನು ಹಗ್ಗ ಹಾಕಿ ಎಳೆದುಕೊಂಡು ಬಂದ. ಉಸಿರು ಮೇಲೆ ಕೆಳಗೆ, ಮುಖವೆಲ್ಲ ಕೆಂಪು.

“ಯಾರದ್ದಿದು? ನನ್ನ ಒಳ್ಳೇ ಚೌರಿಗೆ ಹಾರಿಬಿಡ್ತು! ಇನ್ನು ಅದು ಹಾಕೋ ಬಡಕಲು ಕರು ಯಾವ ಕೆಲಸಕ್ಕೆ? ಹಾಲಿಗಾ, ಹೊರೆಗಾ? ನಾಯಿಗೆ ಹಾಕಬೇಕು!”

“ನಂದು,” ಎಂದ ಛೆವಾಂಗ್.

“ನಿಂದಾ! ಝೋಪ್ಕ್ಯೋ ಸಾಕಿದ ಹೋರಿ ಇನ್ನು ಹೆಂಗಿರತದೆ!”

ದೊಡ್ಡಮ್ಮ ಒಳಗಿನಿಂದ ಬಂದವಳೇ ಕಡೆಗೋಲು ಹಿಡಿದು ಅವನ ಮುಂದೆ ನಿಂತಳು. “ನಿನ್ನ ಚೌರಿಗೆ ಹಗ್ಗ ಇರಲಿಲ್ವಾ? ಬೆದೆ ಬಂದದ್ದನ್ನ ಕಾಡಿಗೆ ಬಿಟ್ಟು ನೀನೆಲ್ಲಿ ಕುಡಿದು ಬಿದ್ದಿದ್ದೆ? ನನ್ನ ಒಲೆ ಮುಂದೆ ಕೂರೋನಿಗೆ ಬಾಯಿಗೆ ಬಂದದ್ದು ಅನ್ನಬೇಡ. ಚಹಾ ಬೇಕಾದ್ರೆ ಕುಡಿದು ಹೋಗು, ಬೇಡವಾದ್ರೆ ಹಂಗೇ ಹೋಗು.”

ಅವನು ಚಹಾ ಕುಡಿದೇ ಹೋದ. ಆದರೆ ಆ ಸಂಜೆ ಛೆವಾಂಗ್ ಉಪ್ಪಿನ ಚೀಲದ ಪಕ್ಕ ಕೂರಲಿಲ್ಲ. ಬಾಗಿಲ ಹತ್ತಿರ ಕೂತ. ಹೊರಗೆ ಗೋಡೆಗೆ ಬೆನ್ನು ಕೊಟ್ಟು ಹೋರಿ ಮಲಗಿದ ಸದ್ದು ಕೇಳಿತು. ದೊಡ್ಡಮ್ಮ ಅವನನ್ನು ಒಳಗೆ ಕರೆಯಲಿಲ್ಲ. ಬೆಂದ ಆಲೂಗಡ್ಡೆಯ ತಟ್ಟೆಯನ್ನು ಅಲ್ಲಿಗೇ ತಳ್ಳಿದಳು.

“ಅವ್ವ ತೀರಿಕೊಂಡ ವರ್ಷ ಅದು ಹುಟ್ಟಿದ್ದು,” ಎಂದ ಅವನು, ಸಿಪ್ಪೆ ಸುಲಿಯುತ್ತಾ. ಯಾರೂ ಕೇಳಿರಲಿಲ್ಲ. “ನಾಕಿನವರಿಗೆ ಕೊಡೋಣ ಅಂತಾನೇ ತಂದೆ. ಬುಟ್ಟೀಲಿ ಹೊತ್ಕೊಂಡು ಅರ್ಧ ದಾರಿ ಬಂದಿದ್ದೆ ಕೂಡ. ಹಿಮ ಬೀಳೋಕೆ ಶುರುವಾಯ್ತು. ಒಂದು ಮರದ ಕೆಳಗೆ ಕೂತೆ. ಅದು ನನ್ನ ಬೆರಳು ಬಾಯಿಗೆ ಹಾಕ್ಕೊಂಡು ಚೀಪ್ತು. ಮನೇಲಿ ಒಲೆ ಹಚ್ಚೋರು ಯಾರೂ ಇರಲಿಲ್ಲ ಅಕ್ಕ. ಮಾತಾಡಿದ್ರೆ ಕಿವಿ ಅಲ್ಲಾಡಿಸೋಕೆ ಒಂದು ಜೀವ ಇರಲಿ ಅನ್ನಿಸ್ತು. ಮುಂದಿನ ಚಳಿಗಾಲ ಬಿಟ್ಟರಾಯ್ತು ಅಂದ್ಕೊಂಡೆ. ಆಮೇಲೆ ಅದರ ಮುಂದಿನದು.”

ನಾನು ಒಲೆಗೆ ಕಟ್ಟಿಗೆ ಸರಿಸುವ ನೆಪ ಮಾಡಿಕೊಂಡೆ.

ಭಾದ್ರಪದ ಕಳೆಯಿತು. ಒಂದೊಂದೇ ನಾಕ್ ಬೆದೆಗೆ ಬಂದು, ಸುತ್ತಿ, ಸುಮ್ಮನಾಯಿತು. ಮಳೆ ಹಿಂದೆಗೆದು ಗಾಳಿ ತೆಳುವಾದಂತೆ ಮೇಲಿನ ಕಲ್ಲುಗಳ ಕಡೆಯಿಂದ ದೊಡ್ಡಮ್ಮನ ಯಾಕ್ ಇಳಿದು ಬಂತು. ಬೇಸಿಗೆಯೆಲ್ಲ ಒಂಟಿಯಾಗಿ ಹಿಮದ ಅಂಚಿನಲ್ಲಿ ಇರುವ ಮುದಿ ಗಂಡು. ಸೆಕೆಯಲ್ಲಿ ಅದಕ್ಕೆ ನಾಕ್‌ಗಳ ನೆನಪೇ ಇರುವುದಿಲ್ಲ, ಚಳಿ ಸೋಕಿದ ಕೂಡಲೇ ನೆಲ ಕೆದರಲು ತೊಡಗುತ್ತದೆ. ರಾತೋ ಇದ್ದಾಗ ಅದು ಬರುವ ಹೊತ್ತಿಗೆ ಕೆಲಸವೆಲ್ಲ ಮುಗಿದಿರುತ್ತಿತ್ತು. ಈ ಸಲ ಉಳಿದ ನಾಕ್‌ಗಳೆಲ್ಲ ಅದರ ಪಾಲಾದವು. ತಾರೆ ಛೆವಾಂಗನ ಪಕ್ಕ ನಿಂತು ಮೆಲುಕು ಹಾಕುತ್ತ ನೋಡಿತು.

ಬರುವ ವರ್ಷ ನಮ್ಮ ಹಿಂಡಿನಲ್ಲಿ ಒಂದೇ ಒಂದು ಚೌರಿಕರುವೂ ಇರುವುದಿಲ್ಲವೆಂದು ಆಗಲೇ ಖಚಿತವಾಯಿತು. ಚೌರಿಗಾಗಿ ಬರುವವರಿಗೆ ದೊಡ್ಡಮ್ಮ ಏನು ಹೇಳುತ್ತಾಳೋ. ಕಣಿವೆಯ ಆಚೆ ಇನ್ನೊಬ್ಬ ಹೋರಿಯವನಿದ್ದ. ಅವನ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತದೆಯೇ ಅದು ಒಲೆಯ ಸುತ್ತ ಕೂತಿತ್ತು.

ಚಾಪೆಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿದ ಬೆಳಗ್ಗೆ ದೊಡ್ಡಮ್ಮ ತೀರ್ಮಾನ ಹೇಳಿದಳು. ಮರುದಿನ ಗೋಠ ಕಿತ್ತು ಕಣಿವೆಯಾಚೆಯ ಚಳಿಗಾಲದ ಕೊಟ್ಟಿಗೆಗೆ ಹೋಗುವವರಿದ್ದೆವು.

“ತಾರೆಯನ್ನ ನನ್ನ ಹತ್ರ ಬಿಡು.”

ಛೆವಾಂಗ್ ಹಗ್ಗಕ್ಕೆ ಗಂಟು ಹಾಕುತ್ತಿದ್ದವನು ತಲೆ ಎತ್ತಲಿಲ್ಲ.

“ಚಳಿಗಾಲದ ಕೊಟ್ಟಿಗೆ ಅಷ್ಟೇನೂ ಮೇಲಿಲ್ಲ, ಅದಕ್ಕೆ ಏನೂ ಆಗಲ್ಲ. ನಾಕ್‌ಗಳ ಮಧ್ಯೆ ಒತ್ತಿ ಕಟ್ತೀನಿ. ಚಳಿ ಜಾಸ್ತಿ ಆದ್ರೆ ತಾನೇ ಅವುಗಳ ಹೊಟ್ಟೆ ಕೆಳಗೆ ತೂರ್ಕೊಳ್ಳತದೆ. ಕಲಿಯೋ ವಯಸ್ಸು ದಾಟಿರಬಹುದು. ದಾಟದೇನೂ ಇರಬಹುದು. ಆದರೆ ನೀನು ಇದ್ದರೆ ಅದು ಕಲಿಯಲ್ಲ ಛೆವಾಂಗ್. ಅದಕ್ಕೆ ನೀನೇ ಹಿಂಡು.”

“ನಾನೂ ಬಂದು ಅಲ್ಲೇ ಸುಮ್ನೆ ದೂರದಲ್ಲಿ…”

“ಬೇಡ.”

“ಅದು ಕೂಗತದೆ ಅಕ್ಕ.”

“ಕೂಗಲಿ. ಕೇಳೋಕೆ ನಾವಿದ್ದೀವಿ.” ಚೀಲದ ಬಾಯಿ ಕಟ್ಟುತ್ತಾ ಹೇಳಿದಳು, “ಕರ್ಕೊಂಡು ಹೋದ್ರೆ ಬರೋ ಚೈತ್ರಕ್ಕೆ ಬೆಣ್ಣೆ ಕಳಿಸೋಕೆ ನನಗೆ ಕೈ ಬರಲ್ಲ. ಹೊಟ್ಟೆಪಾಡು. ನಿನಗೂ ಗೊತ್ತು.”

ಅವನು ಗಂಟು ಹಾಕಿ ಮುಗಿಸಿ, ಬಿಚ್ಚಿ, ಮತ್ತೆ ಹಾಕಿದ. ಸಂಜೆಗೆ ಮುಂಚೆ ಹೋರಿಯನ್ನು ತೊರೆಗೆ ಕರೆದುಕೊಂಡು ಹೋಗಿ, ಹುಲ್ಲಿನ ಸಿಂಬಿಯಿಂದ ಬಹಳ ಹೊತ್ತು ಮೈ ಉಜ್ಜಿದ. ನಾನು ನೀರಿಗೆ ಹೋದಾಗ ಅದರ ಕಿವಿಯ ಹಿಂದೆ ಕೆರೆಯುತ್ತಾ ಏನೋ ಹೇಳುತ್ತಿದ್ದ. ನನ್ನನ್ನು ಕಂಡು ನಿಲ್ಲಿಸಿದ.

“ಯಾಂಗ್ಜಿ,” ಎಂದ. “ಪ್ರಾಣೀನ ಬಿಟ್ಟು ಹೋಗುವಾಗ ಹೋಗ್ತೀನಿ ಅನ್ನಬಾರದು. ಮಾತು ಮುಗಿಸಬಾರದು. ಮಾತು ಮುಗೀತು ಅಂದ್ರೆ ಯಾರೋ ಏಳ್ತಾರೆ ಅಂತ ಅವಕ್ಕೆ ಗೊತ್ತಾಗತದೆ. ನಮ್ಮಪ್ಪ ಕರು ಬಿಡಿಸುವಾಗ ಹಂಗೇ ಮಾಡೋನು. ಮಾತಾಡ್ತಾ ಇರುವಾಗ್ಲೇ ಎದ್ದುಬಿಡಬೇಕು. ಉಳಿದೋರು ಮಾತು ನಿಲ್ಲಿಸಬಾರದು.”

“ಹೂಂ ಮಾವ,” ಎಂದೆ. ಬೇರೇನು ಹೇಳಲಿ?

ಮರುದಿನ ಬಿಸಿಲು ಚೆನ್ನಾಗಿತ್ತು. ಚಾಪೆಗಳನ್ನು ಸುತ್ತಿ ಕಟ್ಟಿದ್ದಾಗಿತ್ತು. ಮಾಡು ಇಲ್ಲದ ಗೋಡೆಗಳ ನಡುವೆ ಒಲೆಯೊಂದೇ ಹೊಗೆಯಾಡುತ್ತಿತ್ತು. ಛೆವಾಂಗ್ ಬಂದು ಉಪ್ಪಿನ ಚೀಲದ ಪಕ್ಕ ಕೂತ, ತನ್ನ ಹಳೇ ಜಾಗದಲ್ಲಿ. ತಾರೆ ಗೋಡೆಯ ಮೇಲಿಂದ ಕತ್ತು ಚಾಚಿ ಅವನ ಟೋಪಿ ಮೂಸುತ್ತಿತ್ತು. ದೊಡ್ಡಮ್ಮ ಚೀಲದಿಂದ ಉಪ್ಪಿನ ಹರಳು ತೆಗೆದು ಅಂಗೈಯಲ್ಲಿಟ್ಟು ಅದರ ಮೂತಿಯ ಮುಂದೆ ಹಿಡಿದಳು. ಅದು ಛೆವಾಂಗನನ್ನು ನೋಡಿತು, ಅವಳನ್ನು ನೋಡಿತು, ಆಮೇಲೆ ಒರಟು ನಾಲಿಗೆ ಚಾಚಿತು.

ಅವನು ಅದರ ಕೊರಳ ಗಂಟೆಯನ್ನು ಆಗಲೇ ಬಿಚ್ಚಿ ಬುಟ್ಟಿಯೊಳಗೆ ಇಟ್ಟಿದ್ದ. ಸದ್ದಾಗದಂತೆ ಅದರೊಳಗೆ ಪಾಚಿ ತುರುಕಿದ್ದು ನನಗೆ ಕಂಡಿತು.

“ಈ ಸಲ ಕಡೆದ ಬೆಣ್ಣೆ ಹೆಂಗಿತ್ತು ಅಕ್ಕ?” ಎಂದು ಕೇಳಿದ. ಧ್ವನಿ ಎಂದಿನಂತೆಯೇ ಇತ್ತು.

ದೊಡ್ಡಮ್ಮನಿಗೆ ತಿಳಿಯಿತು. “ಹೆಂಗಿತ್ತು ಅಂದ್ರೆ? ಹುಲ್ಲು ಒಳ್ಳೇದಿತ್ತು, ಬೆಣ್ಣೆ ಹಳದಿ ಬಂತು,” ಎಂದು ಶುರುಮಾಡಿದಳು, ಕೈಯ ಉಪ್ಪು ತೆಗೆಯದೆ. “ಆದರೆ ನಿನ್ನ ಯಾಂಗ್ಜಿ ನೋಡು, ಕಡೆಯುವಾಗ ಬಿಸಿನೀರು ಹಾಕು ಅಂದ್ರೆ ಕುದಿಯೋ ನೀರು ಹಾಕ್ತಾಳೆ.”

“ಒಂದೇ ಸಲ ಹಾಕಿದ್ದು ದೊಡ್ಡಮ್ಮ!”

“ಒಂದೇ ಸಲಾನಾ? ಅವತ್ತು ಮಜ್ಜಿಗೆಯೆಲ್ಲ ಎಣ್ಣೆ ಎಣ್ಣೆ. ಛೆವಾಂಗ್, ನೀನೇ ಹೇಳು, ಅವತ್ತು ನೀನೂ ಕುಡಿದಿದ್ದೆ…”

“ಕುಡಿದೆ. ಸ್ವಲ್ಪ ಎಣ್ಣೆ ಎಣ್ಣೆ…” ಎನ್ನುತ್ತಲೇ ಅವನು ಬುಟ್ಟಿಯ ಪಟ್ಟಿಯನ್ನು ಹಣೆಗೆ ಏರಿಸಿಕೊಂಡ. ಮಾತಿನ ಉಳಿದ ತುಂಡು ಅವನ ಬಾಯಲ್ಲೇ ಉಳಿಯಿತು. ಎದ್ದ. ಗೋಡೆಯ ಕುಸಿದ ಮೂಲೆಯಿಂದ ಹೊರಗೆ ಕಾಲಿಟ್ಟ.

ತಾರೆ ಉಪ್ಪು ನೆಕ್ಕುತ್ತಿತ್ತು.

“ಅದಕ್ಕೇ ಹೇಳ್ತೀನಿ,” ಎಂದಳು ದೊಡ್ಡಮ್ಮ. ಅವಳ ಧ್ವನಿ ಒಂದಿಷ್ಟು ಜೋರಾಯಿತು. “ಬೆಣ್ಣೆ ಕಡೆಯೋಕೆ ಕೈಗೆ ತಾಳ್ಮೆ ಬೇಕು. ಒಂದು ಉಂಡೆ ಬೇರೆ ತೆಗೆದಿಟ್ಟಿದ್ದೀನಿ, ಚೈತ್ರಕ್ಕೆ ಅಂತ. ಎಲೆ ಸುತ್ತಿ, ಹೊಗೆ ಮೇಲೆ ಕಟ್ಟಿರ್ತೀನಿ. ಚಳಿಗೆ ಕೆಡಲ್ಲ. ಹೋಗೋರ ಕೈಯಲ್ಲಿ ಕಳಿಸ್ತೀನಿ, ಕೇಳಿಸ್ತಾ? ಕರು ಆಗಲಿ, ಬಿಡಲಿ. ನಾನು ನಿನ್ನೆ ಏನಂದೆ ಅನ್ನೋದು ಬೇರೆ…”

ಅವನು ಇಳಿಜಾರಿನ ಕಲ್ಲುದಾರಿ ಹಿಡಿದು ಇಳಿಯುತ್ತಿದ್ದ. ಕೇಳಿಸಿತೋ ಇಲ್ಲವೋ, ಬೆನ್ನಿನಿಂದ ಗೊತ್ತಾಗಲಿಲ್ಲ. ದೊಡ್ಡಮ್ಮ ನನ್ನ ಮೊಣಕಾಲನ್ನು ಚಿವುಟಿದಳು.

“ಆಮೇಲೆ ದೊಡ್ಡಮ್ಮ?” ಎಂದೆ ನಾನು. “ಆ ಕಡೆಗೋಲಿನ ಹಗ್ಗ ಸವೆದಿದೆಯಲ್ಲ, ಅದಕ್ಕೇನು ಮಾಡೋಣ?”

“ಹಗ್ಗಾನಾ? ಹಗ್ಗಕ್ಕೆ ನಾಕ್ ಕೂದಲು ಹೊಸೆಯೋಣ,” ಎನ್ನುತ್ತಾ ಅವಳು ಇನ್ನೊಂದು ಹರಳು ಉಪ್ಪಿಗೆ ಚೀಲದೊಳಗೆ ಕೈಯಾಡಿಸಿದಳು. ಕೆಳಗೆ ಭೂರ್ಜದ ಮರಗಳ ನಡುವೆ ಆ ಹಳೇ ಟೋಪಿ ಒಮ್ಮೆ ಕಂಡಿತು, ತಿರುಗದೆ.